ಬಲೆಯ ಹಗ್ಗ ಕೈಗೆ ಸುತ್ತಿಕೊಳ್ಳದಿರಲಿ

ಗೋಪಿನಾಥಂ ಕಡೆ ತೆಪ್ಪದಲ್ಲಿ ಮೀನಿಗೆ ಹೋಗುವ ತಮ್ಮನ ಬಗ್ಗೆ ನಿಮಗಿರುವ ಭಯ ಸುಳ್ಳಲ್ಲ ಕಣಮ್ಮ. ಹನೂರಿನಲ್ಲಿ ಹನಿ ಬೀಳದಿದ್ದರೂ ಕೊಡಗು, ವಯನಾಡಿನಲ್ಲಿ ಸುರಿದರೆ ಕೆಆರ್‌ಎಸ್, ಕಬಿನಿ ಜಲಾಶಯಗಳಿಂದ ನೀರು ಬಿಡುತ್ತಾರೆ. ಉರಿಬಿಸಿಲಲ್ಲೇ ಕಾವೇರಿ ಹೊಳೆ ಏರುತ್ತದೆ. ಹೊರಡುವ ಮುನ್ನ ಜಲಾಶಯಗಳ ಹೊರಹರಿವು ಎಷ್ಟೆಂದು ವಿಚಾರಿಸಲಿ. ನೀರು ಕೆಂಪಾಗಿ ಕಸಕಡ್ಡಿ ತೇಲಿಬಂದರೆ ಬಲೆ ಬಿಟ್ಟು ದಡ ಸೇರಲಿ.

ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುವ ಚಟವಂತೂ ಇಂದೇ ಬಿಡಿಸಿ. ಬಲೆ ಬಂಡೆಗೆ ಸಿಕ್ಕಿತೋ, ಸೆಳವು ಈಜು ಬಲ್ಲವನನ್ನೂ ಬಿಡದು. ಲೈಫ್ ಜಾಕೆಟ್ ಇರುವುದು ತೊಡುವುದಕ್ಕೆ, ಮೆತ್ತೆ ಮಾಡಿಕೊಂಡು ಕೂರುವುದಕ್ಕಲ್ಲ! ಮೊಸಳೆಗಳಿವೆ, ನೀರಂಚಿನಲ್ಲಿ ಕೂತು ಮೀನು ಶುಚಿ ಮಾಡಬಾರದು.

ಅಂದಹಾಗೆ, ಕಾವೇರಿ ವನ್ಯಜೀವಿಧಾಮದೊಳಗೆ ಅನುಮತಿಯಿಲ್ಲದೆ ಬಲೆ ಬೀಸುವಂತಿಲ್ಲ. ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಲಿ. ಒಬ್ಬನೇ ಹೋಗದೆ, ಎಲ್ಲಿ ಇಳಿಯುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆಂದು ಮನೆಯಲ್ಲಿ ಹೇಳಿ ಹೋಗಲಿ.