ತಡವರಿಸುವಂಥ ಒಂದು ಲೆಕ್ಕ

ನೋಡಮ್ಮಾ, ಮೇಷ್ಟ್ರು ಲೆಕ್ಕ ಬರೆದು ಮುಗಿಸುವ ಮೊದಲೇ ನಿನ್ನ ಮಗಳು ಉತ್ತರ ಹೇಳಿಬಿಡುತ್ತಾಳೆ, ಆಮೇಲೆ ಪಕ್ಕದವಳನ್ನು ಕೆಣಕುತ್ತ ಕೂರುತ್ತಾಳೆ ಅಂದೆಯಲ್ಲ. ತಂಟೆ ಅಂತ ಬೈಯಬೇಡ, ಕೆಲಸ ಸಾಲದ ಬುದ್ಧಿ ಅದು. ಹಾಗಂತ ರಾಯದುರ್ಗದ ಕನ್ನಡ ಶಾಲೆ ಬಿಡಿಸಿ ಬಳ್ಳಾರಿ ಕಾನ್ವೆಂಟಿಗೆ ಹಾಕುವ ಅವಸರವೂ ಬೇಡ. ಅಲ್ಲಿ ಭಾಷೆ ಹೊಸದಾದೀತು, ಲೆಕ್ಕ ಅದೇ.

ಭಾರತರತ್ನ ಪಡೆದ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರನ್ನೇ ತಗೋ. ಮೊದಲ ಪಾಠ ಮನೆಯಲ್ಲಿ, ತಾಯಿಯಿಂದ. 1944ರಲ್ಲಿ ಲೋಯರ್ ಸೆಕೆಂಡರಿ ಪಾಸಾದಾಗ ಹತ್ತು ವರ್ಷ. ತರಗತಿಗೆಲ್ಲ ಚಿಕ್ಕವರಾದರೂ ಜೊತೆಯವರಿಗೆ ಗಣಿತ ಹೇಳಿಕೊಡುತ್ತಿದ್ದರಂತೆ. ತಂದೆ ಅವರನ್ನು ಸೇರಿಸಿದ್ದು ಬಸವನಗುಡಿಯ ಆಚಾರ್ಯ ಪಾಠಶಾಲೆಯ ಕನ್ನಡ ಮಾಧ್ಯಮಕ್ಕೆ. ಇಂಗ್ಲಿಷ್ ಮಾತುಕತೆ ಮನೆಯಲ್ಲಿ. 1951ರಲ್ಲಿ, 17ನೇ ವಯಸ್ಸಿಗೇ ಬಿ.ಎಸ್‌ಸಿ. ಮುಗಿಯಿತು. ಎಲ್ಲ ಮಕ್ಕಳೂ ಭಾರತರತ್ನ ಆಗಬೇಕಿಲ್ಲ, ಆ ಮಾತು ಬೇರೆ.

ಜೊತೆಯವರಿಗೆ ಹೇಳಿಕೊಡುವುದು ಒಳ್ಳೆಯದೇ. ಆದರೆ ಅಷ್ಟಕ್ಕೇ ನಿಂತರೆ ಗೊತ್ತಿದ್ದನ್ನೇ ಹೇಳುತ್ತ ವರ್ಷ ಕಳೆದುಹೋಗುತ್ತದೆ. ಅವಳಿಗೆ ಬೇಕಾದದ್ದು ತಡವರಿಸುವಂಥ ಪ್ರಶ್ನೆ. ಹತ್ತು ಲೆಕ್ಕ ಮುಗಿಸಿದವಳಿಗೆ ಅಂಥದ್ದೇ ಇನ್ನೂ ಇಪ್ಪತ್ತು ಕೊಟ್ಟರೆ ಅದು ಶಿಕ್ಷೆ. ಒಂದೇ ಕೊಡು, ಎರಡು ದಿನ ತಿಣುಕಲಿ. ನೀನೇ ಜೀನ್ಸ್ ಹೊಲಿಯುವವಳಲ್ಲವೇ? ಒಂದು ಥಾನು ಬಟ್ಟೆಯಲ್ಲಿ ಬೇರೆ ಬೇರೆ ಅಳತೆಯ ಪ್ಯಾಂಟುಗಳನ್ನು ಹೇಗೆ ಕತ್ತರಿಸಿದರೆ ಚೂರು ಕಡಿಮೆ ಉಳಿಯುತ್ತದೆ ಅಂತ ಕೇಳು. ದೊಡ್ಡ ಗಣಿತಜ್ಞರೂ ತಲೆ ಕೆರೆದುಕೊಳ್ಳುವ ಲೆಕ್ಕ ಅದು. ರಜೆಗೆ ನಮ್ಮ ಮಡಕಶಿರಾಕ್ಕೆ ಕಳಿಸು. ಅಮರಾಪುರದ ಕಡೆಯ ಹೇಮಾವತಿಗೆ ಕರೆದೊಯ್ಯುತ್ತೇನೆ. ನೊಳಂಬರು ಆಳಿದ ಹೆಂಜೇರು ಅದೇ. ಅಲ್ಲಿನ ಹಳೆಯ ಕನ್ನಡ ಶಾಸನದ ಒಂದು ಸಾಲು ಬಿಡಿಸಲಿ. ಎಲ್ಲ ಬರುತ್ತದೆ ಎನ್ನುವ ಜಂಬವೂ ಅಲ್ಲೇ ಇಳಿಯುತ್ತದೆ.

ಮೇಷ್ಟ್ರ ಹತ್ತಿರ ದೂರು ಹೊತ್ತು ಹೋಗಬೇಡ. ಒಂದೇ ಕೋಣೆಯಲ್ಲಿ ಎರಡು ತರಗತಿ ನಡೆಸುವವರೂ ಇದ್ದಾರೆ. "ಇವಳ ಕೆಲಸ ಮುಗಿದ ಮೇಲೆ ಓದೋಕೆ ಏನಾದರೂ ಕೊಡಿ ಸಾರ್" ಅಂದರೆ ಸಾಕು. ಮುಂದಿನ ತರಗತಿಯ ಕರ್ನಾಟಕದ ಪಠ್ಯಪುಸ್ತಕಗಳು ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ, ಇಳಿಸಿಕೊಡು.

ಐದನೇ ತರಗತಿಗೆ ಬಂದಾಗ ನವೋದಯದ ಪ್ರವೇಶ ಪರೀಕ್ಷೆ ಬರೆಸು. ಲೇಪಾಕ್ಷಿಯಲ್ಲಿರುವಂಥ ಆ ಶಾಲೆಗಳಲ್ಲಿ ಆರನೇ ತರಗತಿಯಿಂದ ಊಟ, ವಸತಿ ಉಚಿತ. ಅದು ತಪ್ಪಿದರೆ ಸರ್ಕಾರಿ ಶಾಲೆಯ ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಎರಡಕ್ಕೂ ಅರ್ಜಿಯ ಕೊನೇ ದಿನ ಯಾವುದು ಅಂತ ಮೇಷ್ಟ್ರನ್ನು ಈಗಲೇ ಕೇಳಿಟ್ಟುಕೋ.