ಮೂರನೆಯ ಕೆಂಪು ದೀಪ: ಸುರಕ್ಷತಾ ನಿಯಮವೊಂದು ರೂಪುಗೊಂಡ ಬಗೆ

ಕಲಿಕೆಯ ಉದ್ದೇಶಗಳು

ಪಾಠದ ಕೊನೆಯಲ್ಲಿ ವಿದ್ಯಾರ್ಥಿಗಳು
1. ಬ್ರೇಕ್ ದೀಪದ ಕಾರ್ಯವನ್ನು ವಿವರಿಸುವರು.
2. ವೇಗ, ಕಾಲ, ದೂರಗಳ ಸಂಬಂಧವನ್ನು ರಸ್ತೆಯ ಸನ್ನಿವೇಶಕ್ಕೆ ಅನ್ವಯಿಸುವರು.
3. ಪ್ರಸ್ತಾವಿತ ನಿಯಮವನ್ನು ಪ್ರಯೋಗದಿಂದ ಪರೀಕ್ಷಿಸುವ ಕ್ರಮವನ್ನು ಗುರುತಿಸುವರು.

ಪೀಠಿಕೆ

ವಾಹನದ ಮುಂದೀಪವು ಚಾಲಕನಿಗೆ ದಾರಿ ತೋರಿಸುತ್ತದೆ. ಬ್ರೇಕ್ ದೀಪವಾದರೋ ಹಿಂದೆ ಬರುವವರಿಗಾಗಿ ಬೆಳಗುತ್ತದೆ. ಚಾಲಕನು ಪೆಡಲನ್ನು ಒತ್ತಿದೊಡನೆ ಸ್ವಿಚ್ಚೊಂದು ವಿದ್ಯುನ್ಮಂಡಲವನ್ನು ಪೂರ್ಣಗೊಳಿಸಿ ಹಿಂಬದಿಯ ಕೆಂಪು ದೀಪಗಳನ್ನು ಹೊತ್ತಿಸುತ್ತದೆ. ಆ ದೀಪ ಕೆಟ್ಟುಹೋದರೂ ಮುಂದೆ ಕುಳಿತವನಿಗೆ ಅದು ಬಹುಮಟ್ಟಿಗೆ ತಿಳಿಯದು. ತನ್ನ ಕಣ್ಣಿಗೆ ಬೀಳದೆ ಪರರ ಪ್ರಾಣವನ್ನು ಕಾಯುವ ಸಾಧನವನ್ನು ಒಡೆಯನ ಇಚ್ಛೆಗೆ ಬಿಡಲಾಗದು. ಕಾನೂನಿನ ಅಗತ್ಯ ಹುಟ್ಟುವುದು ಇಲ್ಲಿಯೇ.

ಗಂಟೆಗೆ 72 ಕಿಲೋಮೀಟರ್ ವೇಗದ ವಾಹನವು ಸೆಕೆಂಡಿಗೆ 20 ಮೀಟರ್ ಸಾಗುತ್ತದೆ. ಹಿಂದಿನ ಚಾಲಕನು ಎಚ್ಚರಿಕೆಯನ್ನು ಅರ್ಧ ಸೆಕೆಂಡು ಮೊದಲೇ ಕಂಡರೆ 10 ಮೀಟರ್ ದೂರ ಅವನಿಗೆ ಉಳಿಯುತ್ತದೆ. ತಂತುವಿನ ಬಲ್ಬಿಗಿಂತ ಎಲ್‌ಇಡಿ ದೀಪವು ಸುಮಾರು 0.2 ಸೆಕೆಂಡು ಬೇಗ ಪೂರ್ಣವಾಗಿ ಬೆಳಗುತ್ತದೆ. ಅಷ್ಟರಿಂದಲೇ 4 ಮೀಟರ್ ಲಾಭ.

ಅಮೆರಿಕದ ನಿದರ್ಶನ

1970ರ ದಶಕದ ಆರಂಭದಲ್ಲಿ ಮನೋವಿಜ್ಞಾನಿ ಜಾನ್ ವೊಯೆವೊಡ್‌ಸ್ಕಿ ಅವರು ಸ್ಯಾನ್ ಫ್ರಾನ್ಸಿಸ್ಕೋ ನಗರದ 343 ಟ್ಯಾಕ್ಸಿಗಳ ಹಿಂಬದಿಗೆ ಹೆಚ್ಚುವರಿ ದೀಪವೊಂದನ್ನು ಅಳವಡಿಸಿದರು. ಹಳದಿ ಬಣ್ಣದ ಆ ದೀಪವು ವೇಗ ಕುಗ್ಗಿದ ಪ್ರಮಾಣಕ್ಕೆ ತಕ್ಕಂತೆ ಮಿನುಗುತ್ತಿತ್ತು. ಹಿಂಬದಿಯ ಡಿಕ್ಕಿಗಳು ಶೇ. 60.6ರಷ್ಟು ಇಳಿದುವು. ಮುಂದೆ ಸರ್ಕಾರದ ಆಶ್ರಯದಲ್ಲಿ ಟ್ಯಾಕ್ಸಿಗಳ ಮೇಲೂ ಕಂಪನಿ ಕಾರುಗಳ ಮೇಲೂ ನಡೆದ ಪ್ರಯೋಗಗಳಲ್ಲಿ, ಹಿಂಗಾಜಿನ ಬಳಿ ಎತ್ತರದಲ್ಲಿಟ್ಟ ಒಂಟಿ ಕೆಂಪು ದೀಪವೂ ಉತ್ತಮ ಫಲ ನೀಡಿತು.

ಎತ್ತರದ ದೀಪದ ಗುಣವನ್ನು ಎರಡು ಕಾರಣಗಳಿಂದ ತಿಳಿಯಬಹುದು. ಕೆಳಗಿನ ಕೆಂಪು ದೀಪಗಳು ರಾತ್ರಿಯಿಡೀ ಉರಿಯುತ್ತಿದ್ದು, ಬ್ರೇಕ್ ಒತ್ತಿದಾಗ ಅವುಗಳ ಪ್ರಕಾಶ ಹೆಚ್ಚುವುದಷ್ಟೇ. ಮೂರನೆಯ ದೀಪವು ಬ್ರೇಕ್ ಒತ್ತಿದಾಗ ಮಾತ್ರ ಬೆಳಗುವುದರಿಂದ ಗೊಂದಲಕ್ಕೆ ಎಡೆಯಿಲ್ಲ. ಅಲ್ಲದೆ, ನಡುವಿನ ಕಾರಿನ ಗಾಜುಗಳ ಮೂಲಕ ಅದು ಇನ್ನೂ ಹಿಂದಿನ ಚಾಲಕನಿಗೂ ಕಾಣಿಸುತ್ತದೆ.

1983ರಲ್ಲಿ ಅಂತಿಮ ನಿಯಮ ಪ್ರಕಟವಾಯಿತು. 1985ರ ಸೆಪ್ಟೆಂಬರ್ 1ರಿಂದ ತಯಾರಾದ ಹೊಸ ಕಾರುಗಳಿಗೂ 1993ರ ಸೆಪ್ಟೆಂಬರಿನಿಂದ ಲಘು ಟ್ರಕ್ಕುಗಳಿಗೂ ಮೂರನೆಯ ದೀಪವು ಕಡ್ಡಾಯವಾಯಿತು.

ನಿಯಮದ ನಂತರದ ಅಳತೆ

ನಿಯಮ ಜಾರಿಗೆ ಬಂದ ಮೇಲೂ ಪರೀಕ್ಷೆ ನಿಲ್ಲಲಿಲ್ಲ. 1987ರಲ್ಲಿ ಹಿಂಬದಿಯ ಡಿಕ್ಕಿಗಳ ಇಳಿಕೆ ಶೇ. 8.5 ಎಂದು ಕಂಡಿತು. 1998ರ ಸರ್ಕಾರಿ ಮೌಲ್ಯಮಾಪನವು ದೀರ್ಘಕಾಲದ ಇಳಿಕೆಯನ್ನು ಶೇ. 4.3 ಎಂದು ಗಣಿಸಿತು. ಹೊಸತಾಗಿದ್ದ ದೀಪಕ್ಕೆ ಕಣ್ಣು ಒಗ್ಗಿಹೋದುದು ಈ ಕುಸಿತಕ್ಕೆ ಒಂದು ಕಾರಣ. ಟ್ಯಾಕ್ಸಿ ಪ್ರಯೋಗದ ದೀಪವೇ ಬೇರೆ ಬಗೆಯದಾದುದರಿಂದ 60.6 ಮತ್ತು 4.3ನ್ನು ನೇರವಾಗಿ ಹೋಲಿಸಲಾಗದೆಂಬುದನ್ನೂ ಶಿಕ್ಷಕರು ಗಮನಕ್ಕೆ ತರಬೇಕು.

ಹಾಗಾದರೆ ನಿಯಮ ವಿಫಲವಾಯಿತೇ? ಇಲ್ಲ. ಅದೇ ಮೌಲ್ಯಮಾಪನದಂತೆ ದೀಪಗಳ ವಾರ್ಷಿಕ ವೆಚ್ಚ ಸುಮಾರು 20.6 ಕೋಟಿ ಡಾಲರ್; ತಪ್ಪುವ ಆಸ್ತಿಹಾನಿ ಮತ್ತು ಸಂಬಂಧಿತ ನಷ್ಟ ಸುಮಾರು 65.5 ಕೋಟಿ ಡಾಲರ್. ಇದರ ಜೊತೆಗೆ ವರ್ಷಕ್ಕೆ 58,000ಕ್ಕೂ ಮಿಕ್ಕಿ ಗಾಯಗಳು ತಪ್ಪುತ್ತವೆ. ಶೇಕಡಾವಾರು ಚಿಕ್ಕದಾದರೂ ಲಕ್ಷಾಂತರ ಅಪಘಾತಗಳಿಗೆ ಅದನ್ನು ಅನ್ವಯಿಸಿದಾಗ ದೊರೆಯುವ ಫಲ ಚಿಕ್ಕದಲ್ಲ. ಭರವಸೆಯ ಅಂಕಿಯನ್ನು ನಂಬಿ ಕೂರದೆ ಮತ್ತೆ ಅಳೆದು ನೋಡುವುದೇ ಒಳ್ಳೆಯ ಕಾನೂನಿನ ಲಕ್ಷಣ.

ಶಿಕ್ಷಕರ ಗಮನಕ್ಕೆ: ಪದಪರಿಚಯ

ಭಾರತದಲ್ಲಿ ವಾಹನದೀಪಗಳ ವಿಷಯವು 1988ರ ಮೋಟಾರು ವಾಹನ ಅಧಿನಿಯಮ ಹಾಗೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಕೇಂದ್ರದ ರಾಜಪತ್ರವು ಹಿಂದಿ ಮತ್ತು ಇಂಗ್ಲಿಷಿನಲ್ಲಿಯೂ ರಸ್ತೆಯ ಫಲಕಗಳು ಹೆಚ್ಚಾಗಿ ರಾಜ್ಯಭಾಷೆಯಲ್ಲಿಯೂ ಇರುವುದರಿಂದ, ಕನ್ನಡ ಮಾಧ್ಯಮದ ಮಕ್ಕಳಿಗೆ ಕೆಳಗಿನ ಪದಗಳನ್ನು ಕನ್ನಡದಲ್ಲಿಯೇ ಮನದಟ್ಟು ಮಾಡಿಸಬೇಕು. ಪದ ತಿಳಿಯದವನು ಆಕ್ಷೇಪಣೆ ಸಲ್ಲಿಸಲಾರನು.

ಮಸೂದೆ: ಶಾಸನಸಭೆಯ ಒಪ್ಪಿಗೆಗಾಗಿ ಮಂಡಿಸಿದ ಕಾನೂನಿನ ರೂಪ.
ಅಧಿನಿಯಮ: ಒಪ್ಪಿಗೆ ಮತ್ತು ಅಂಕಿತ ಪಡೆದ ಮಸೂದೆ.
ಕರಡು ನಿಯಮ: ಅಧಿನಿಯಮದ ಅಡಿಯಲ್ಲಿ, ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಮುಂಚಿತವಾಗಿ ಪ್ರಕಟಿಸಿದ ನಿಯಮ.
ಆಕ್ಷೇಪಣೆ: ಕರಡಿನ ಬಗ್ಗೆ ನಾಗರಿಕರು ಕಾರಣಸಹಿತ ಸಲ್ಲಿಸುವ ಭಿನ್ನಾಭಿಪ್ರಾಯ.

ಚಟುವಟಿಕೆ

ಶಾಲೆಯ ಆವರಣದೊಳಗೆ, ನಿಂತಿರುವ ವಾಹನವೊಂದರ ಬ್ರೇಕನ್ನು ಹಿರಿಯರೊಬ್ಬರು ಒತ್ತಲಿ. ಮಕ್ಕಳು ದೂರದಿಂದ ದೀಪಗಳನ್ನು ಗಮನಿಸಿ ಬರೆದುಕೊಳ್ಳಲಿ. ಬಳಿಕ ತರಗತಿಯನ್ನು ಎರಡು ಗುಂಪು ಮಾಡಿ, “ಟ್ರೈಲರುಗಳ ಬ್ರೇಕ್ ದೀಪಗಳನ್ನು ಪ್ರತಿ ತಿಂಗಳೂ ಪರೀಕ್ಷಿಸಬೇಕು” ಎಂಬ ಕಲ್ಪಿತ ಕರಡನ್ನು ಒಂದು ಗುಂಪು ರಚಿಸಲಿ. ಮತ್ತೊಂದು ಗುಂಪು ಆಕ್ಷೇಪಣೆ ಬರೆಯಲಿ.

ಪ್ರಶ್ನೆಗಳು

1. ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ 0.2 ಸೆಕೆಂಡಿಗೆ ವಾಹನವು ಎಷ್ಟು ದೂರ ಸಾಗುತ್ತದೆ? (ಉತ್ತರ: 3 ಮೀಟರ್)
2. ವರ್ಷಕ್ಕೆ 2,000 ಡಿಕ್ಕಿಗಳಾಗುವಲ್ಲಿ ಶೇ. 4.3ರ ಇಳಿಕೆಯಿಂದ ಎಷ್ಟು ತಪ್ಪುತ್ತವೆ? (ಉತ್ತರ: 86)
3. ಚಾಲಕನಿಗೇ ಕಾಣದ ದೀಪಕ್ಕೆ ಕಾನೂನು ಏಕೆ ಬೇಕು? ಐದು ವಾಕ್ಯಗಳಲ್ಲಿ ಬರೆಯಿರಿ.