ಸಿಡಿಲಿನ ಮುನ್ಸೂಚನೆಗೆ ಯಾವ ಆ್ಯಪ್?



ಮೊಬೈಲಿನಲ್ಲೇ ಹವಾಮಾನದ ಆ್ಯಪ್ ಇರುವಾಗ ಉಡುಪಿ, ಮಣಿಪಾಲದ ಕಡೆ ಹಲವರು ಬೇರೊಂದನ್ನು ಹಾಕಿಕೊಳ್ಳುವುದೇಕೆ? ಕಾಪುವಿನಲ್ಲಿ ಬಿಸಿಲು, ಕಾರ್ಕಳದಲ್ಲಿ ಜಡಿಮಳೆ: ಇದು ತಮಗೆ ಹೊಸತಲ್ಲ. ಕಡಲಿನಿಂದ ಬಂದ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿ ಅಲ್ಲಿ ಹೆಚ್ಚು ಮಳೆ ಸುರಿಸುತ್ತದೆ. ಮೊಬೈಲಿನೊಂದಿಗೆ ಬರುವ ಆ್ಯಪ್ ಸಾಮಾನ್ಯವಾಗಿ ಇಡೀ ಜಗತ್ತಿಗೆ ಮಾಡಿದ ಲೆಕ್ಕವನ್ನು ಆಧರಿಸಿರುತ್ತದೆ. ಬೈಹುಲ್ಲು ಒಣಗಿಸಲು ಅಷ್ಟು ಸಾಕೆನ್ನಿ. ಸಿಡಿಲಿಗೆ ಸಾಲದು.

ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಳೆ ಬರುವುದು ಹೆಚ್ಚಾಗಿ ಸಂಜೆಯ ಹಾಲು ಕರೆಯುವ ಹೊತ್ತಿಗೇ. ಆಗ ಬೇಕಾದುದು "ಇಂದು ಮಳೆ" ಎಂಬ ಮಾತಲ್ಲ, "ಈಗ, ಎಷ್ಟು ಹತ್ತಿರ" ಎಂಬುದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಆ್ಯಪ್ ತಾವಿರುವ ಸ್ಥಳದಿಂದ 20 ಮತ್ತು 40 ಕಿ.ಮೀ. ವ್ಯಾಪ್ತಿಯ ಸಿಡಿಲನ್ನು ತೋರಿಸಿ ಎಚ್ಚರಿಸುತ್ತದೆ. ಉಚಿತ. ಬೆಳೆ, ಜಾನುವಾರು ಸಲಹೆಗೆ ಹವಾಮಾನ ಇಲಾಖೆಯ 'ಮೇಘದೂತ್' ಇದೆ. ಇದರಲ್ಲಿ ಮಂಗಳವಾರ, ಶುಕ್ರವಾರ ಹೊಸ ಸಲಹೆ ಬರುತ್ತದೆ.

ದಾಮಿನಿ ಹಾಕಿಕೊಂಡವರು ಮೊಬೈಲಿನ ಲೊಕೇಶನ್ ಆನ್ ಇಡಬೇಕು. ಎಚ್ಚರಿಕೆ ಬಂದೊಡನೆ ಮರದಡಿ, ತಂತಿಬೇಲಿಯ ಬಳಿ ಕಟ್ಟಿದ ದನಗಳನ್ನು ಹಟ್ಟಿಗೆ ತನ್ನಿ. ಗುಡುಗು ತಲೆಯ ಮೇಲೇ ಬಂದಿದ್ದರೆ ಮಾತ್ರ ತಾವು ಹೊರಗೆ ಹೋಗಬೇಡಿ.